ಗುಹೆ ಗುಡಿಸಿದ ದಿನ

ಇಂದು ಬೆಳಿಗ್ಗೆ ಬಸ್ಸಿಗೆ ಹೊರಟು ಅಂಗಳಕ್ಕಿಳಿದಿದ್ದೆ. ಪಕ್ಕದ ಮನೆಯ ಕಾಂಪೌಂಡು ಕೆಲಸಕ್ಕೆ ಬಂದವನು ಬಿಳಿ ಬೆಣಚುಕಲ್ಲೊಂದನ್ನು ಸುತ್ತಿಗೆಯಲ್ಲಿ ಒಡೆದ. ಕೂಡಲೇ ಒಂದು ವಾಸನೆ ಬೇಲಿ ದಾಟಿ ಬಂತು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಮಕ್ಕಳು ಆಟದ ಪಿಸ್ತೂಲಿಗೆ ಹಾಕಿ ಹೊಡೆಯುವ ಕೇಪಿನ ವಾಸನೆ ಉಂಟಲ್ಲ, ಅದರ ದೂರದ ಸಂಬಂಧಿ, ಅಷ್ಟು ಖಾರವಿಲ್ಲ, ಸ್ವಲ್ಪ ಸೀದ ಹಾಗೆ. ನಾನು ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ಹಾಗೇ ನಿಂತೆ. ಕಬಕದಿಂದ ಹೊರಡುವ ಬಸ್ಸು ನನಗಾಗಿ ಕಾಯುವುದಿಲ್ಲ ಎಂದು ಗೊತ್ತಿದ್ದೂ ನಿಂತೆ.

ನನ್ನಂಥವಳು ಹಾಗೆ ನಿಲ್ಲುವುದು ಸಣ್ಣ ವಿಷಯವಲ್ಲ. ನಾನು ಬೆಳೆದದ್ದು ಪುತ್ತೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಏಳುವುದಕ್ಕೆ ಗಂಟೆ, ಮೀಯುವುದಕ್ಕೆ ಗಂಟೆ, ಅಳುವುದಿದ್ದರೆ ಅದಕ್ಕೂ ಸಂಜೆಯ ಆಟದ ಹೊತ್ತು. ನೆಲ ಗುಡಿಸದವರಿಗೆ ಕಾಫಿ ಇಲ್ಲ. ಆ ಶಿಸ್ತು ನನ್ನ ಮೈಗೆ ಎಷ್ಟು ಹತ್ತಿತೆಂದರೆ, ಇಂದಿಗೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮೂಲೆಗೆ. ಮದುವೆ ಮನೆಯಲ್ಲಿ ಪರರ ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿ ಇಟ್ಟು ಬೈಸಿಕೊಂಡದ್ದೂ ಉಂಟು.

ಕಡಬದಲ್ಲಿ, ಆಮೇಲೆ ಕುಂಬ್ರದ ಹತ್ತಿರ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ಪ್ರತಿ ಜೂನ್ ತಿಂಗಳ ಮೊದಲ ಪಾಠ ಆದಿಮಾನವ. ಅವನಿಗೆ ನಾನು ಕೊಡುತ್ತಿದ್ದದ್ದು ಹತ್ತು ನಿಮಿಷ. ‘ಗುಹೆಯಲ್ಲಿದ್ದ, ಹಸಿ ಮಾಂಸ ತಿಂದ, ಕಲ್ಲಿನ ಆಯುಧ ಮಾಡಿದ, ಬೆಂಕಿ ಕಂಡುಹಿಡಿದ. ಬರೆದುಕೊಳ್ಳಿ, ಎರಡು ಅಂಕ.’ ಲಕ್ಷಗಟ್ಟಲೆ ವರ್ಷ ಬದುಕಿದವರನ್ನು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ನನಗೇನೂ ಬೇಸರವಿರಲಿಲ್ಲ. ಅವರ ಮೇಲೆ ಒಳಗೊಳಗೇ ಸ್ವಲ್ಪ ತಾತ್ಸಾರವೂ ಇತ್ತು. ಹಾಸಿಗೆ ಮಡಚದ ಜನ.

ಕುಂಬ್ರದ ಆ ಶಾಲೆಯ ಗುಮಾಸ್ತರಾಗಿದ್ದವರು ಕಿಟ್ಟಣ್ಣ ರೈ. ನಿವೃತ್ತಿಯಾದ ಮೇಲೆ ಮರ್ಕಂಜದ ತಮ್ಮ ಗುಡ್ಡಕ್ಕೆ ಹೋಗಿ ಸೇರಿಕೊಂಡರು. ಗುಡ್ಡದ ಓರೆಯಲ್ಲಿ, ಗೇರುಮರಗಳ ಹಿಂದೆ, ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಬಂಡೆಯಲ್ಲೊಂದು ಗುಹೆ. ಊರವರು ಮಾಟೆ ಎನ್ನುತ್ತಾರೆ. ಮುಳ್ಳುಹಂದಿ ಓಡಿಸಲು ಒಮ್ಮೆ ಒಳಗೆ ತೆವಳಿದ ರೈಗಳಿಗೆ ನೆಲದ ತುಂಬ ಬಿಳಿ ಕಲ್ಲಿನ ಚೂರುಗಳು ಕಂಡವು. ಉಗುರಿನಷ್ಟು, ಬೆರಳಿನಷ್ಟು, ಅಂಚು ಹರಿತವಾದವು. ಅವರು ಬುದ್ಧಿವಂತರು. ಕೆಂಪು ಮುರಕಲ್ಲಿನ ಒಳಗೆ ಬಿಳಿ ಕಲ್ಲು ತಾನಾಗಿ ಬರುವುದಿಲ್ಲ, ಯಾರೋ ಹೊಳೆಯಿಂದ ತಂದು ಇಲ್ಲಿ ಕೂತು ಒಡೆದಿದ್ದಾರೆ ಎಂದು ಲೆಕ್ಕ ಹಾಕಿದರು. ಹೇಳಿದಲ್ಲೆಲ್ಲ ಜನ ನಕ್ಕರು. ಹೆಸರೇ ‘ಮಾಟೆ ರೈ’ ಎಂದಾಯಿತು. ತಂಗಿಯ ಗಂಡ ಜಗನ್ನಾಥನಂತೂ ಕಂಡಾಗಲೆಲ್ಲ, “ಭಾವ, ನಿಮ್ಮ ಮಾಟೆಯವರಿಗೆ ರೇಷನ್ ಕಾರ್ಡು ಉಂಟಾ?” ಎಂದು ಕೇಳುವುದು.

ನಗೆ ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆ ಗುಡ್ಡ ಇಬ್ಬರಿಗೂ ಸೇರಿದ್ದು, ಜಗನ್ನಾಥನಿಗೆ ಅಲ್ಲಿ ಕೋರೆ ಮಾಡಿ ಮುರಕಲ್ಲು ಕೊಯ್ದು ಮಾರಬೇಕು. ಕೊನೆಗೊಂದು ಒಪ್ಪಂದವಾಯಿತು: ಓದಿದವರು ಯಾರಾದರೂ ಬಂದು ‘ಇಲ್ಲಿ ಜನ ಬದುಕಿದ್ದರು’ ಎಂದು ಬರೆದುಕೊಟ್ಟರೆ ಗುಹೆ ಉಳಿಯುತ್ತದೆ. ಇಲ್ಲದಿದ್ದರೆ ಕಲ್ಲು ಕೊಯ್ಯುವ ಮೆಷಿನು ಬರುತ್ತದೆ.

ಓದಿದವಳು ಸಿಕ್ಕಿದಳು. ಕುಂಬ್ರದ ಸಫಿಯಾ, ನನ್ನದೇ ವಿದ್ಯಾರ್ಥಿನಿ. ಡೆಸ್ಕಿನೊಳಗೆ ಎಲೆ, ಗರಿ, ಕಲ್ಲು ತುಂಬಿಸಿಟ್ಟು ನನ್ನಿಂದ ದಿನಾ ಬೈಸಿಕೊಳ್ಳುತ್ತಿದ್ದವಳು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತ ಕಲ್ಲಿನ ಆಯುಧಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಳು. ನಾನೇ ಫೋನು ಮಾಡಿ ಕರೆದೆ. ಇದು ನಾಲ್ಕು ವರ್ಷದ ಹಿಂದಿನ ಮಾತು.

ಅವಳು ಬರುವುದು ಹನ್ನೊಂದಕ್ಕೆ. ನಾನು ಒಂಬತ್ತಕ್ಕೇ ಹಾಜರು. ರೈಗಳು ನನಗೆ ಗುಹೆ ತೋರಿಸಿ, “ಟೀಚರೇ, ಇಲ್ಲಿ ಕೂತುಕೊಳ್ಳಿ, ನಾನು ಅವರನ್ನು ಬಸ್ಸಿನಿಂದ ಇಳಿಸಿ ಕರ್ಕೊಂಡು ಬರ್ತೇನೆ,” ಎಂದು ರಸ್ತೆಗಿಳಿದರು.

ಕೂತುಕೊಳ್ಳಿ ಎಂದರೆ ಕೂರುವ ಜನ್ಮವೇ ನನ್ನದು? ಸುತ್ತ ನೋಡಿದೆ. ಧೂಳು, ಮುಳ್ಳುಹಂದಿಯ ಮುಳ್ಳು, ಗೇರೆಲೆ, ನಡುವೆ ಆ ಅಮೂಲ್ಯ ಚೂರುಗಳು ಯಾರೋ ಬಿಸಾಡಿದ ಹಾಗೆ ಬಿದ್ದಿವೆ. ಕಾಲೇಜಿನಿಂದ ಜನ ಬರುತ್ತಿದ್ದಾರೆ! ನಮ್ಮ ಕಡೆ ನೆಂಟರು ಬರುವ ಅಂಗಳವನ್ನು ಗುಡಿಸದೆ ಬಿಡುವವರುಂಟೇ? ರೈಗಳ ಮನೆಯಿಂದ ತೆಂಗಿನಕಡ್ಡಿಯ ಹಿಡಿಸೂಡಿ, ಬಕೆಟು, ನಾರು ತಂದೆ. ನೀರು ಚಿಮುಕಿಸಿ ಮೂಲೆಯಿಂದ ಮೂಲೆಗೆ ಗುಡಿಸಿದೆ. ಚೂರುಗಳನ್ನೆಲ್ಲ ಹೆಕ್ಕಿ, ಬೂದಿ ಹಾಕಿ ತಿಕ್ಕಿ ತೊಳೆದು, ಹಳೆ ಪೇಪರಿನ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಒಂಬತ್ತು ಸಾಲು ಮಾಡಿ ಜೋಡಿಸಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕೈ ತೊಳೆದು ಸೆರಗು ಸರಿ ಮಾಡಿ ನಿಂತೆ. ಸತ್ಯ ಹೇಳುತ್ತೇನೆ, ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

ಸಫಿಯಾ ಬಗ್ಗಿ ಒಳಗೆ ಬಂದಳು. ಸಾಲುಗಳನ್ನು ನೋಡಿದಳು. ನೆಲ ನೋಡಿದಳು.

“ಟೀಚರ್, ಇದೆಲ್ಲ ಎಲ್ಲಿ ಇತ್ತು?”

“ಇಲ್ಲೇ. ನೆಲದಲ್ಲಿ.”

“ನೆಲದಲ್ಲಿ ಎಲ್ಲಿ?”

“ಎಲ್ಲಾ ಕಡೆ ಮಾರಾಯ್ತಿ. ಹರಡಿ ಬಿದ್ದಿತ್ತು. ಈಗ ನೋಡು, ಎಷ್ಟು ಚೆಂದ ಉಂಟು!”

ಅವಳು ಬೈಯಲಿಲ್ಲ. ಬೈಯುವ ಸರದಿ ಅವಳದಾಗಿತ್ತು, ಆದರೂ ಬೈಯಲಿಲ್ಲ. ಹಿಂದೆ ನಿಂತಿದ್ದ ರೈಗಳು ನಿಧಾನವಾಗಿ ಮುಂದೆ ಬಂದು ಗುಹೆಯ ನಡುವೆ ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕೂತರು. “ಇಲ್ಲಿ ಚೂರು ಇರಲಿಲ್ಲ ಮೇಡಂ. ಸುತ್ತ ಇತ್ತು. ಇಷ್ಟು ಜಾಗ ಮಾತ್ರ ಬೋಳು. ಎಂತಕ್ಕೆ ಅಂತ ನಾನು ದಿನಾ ನೋಡ್ತಿದ್ದೆ.”

ಸಫಿಯಾ ಚೀಲದಿಂದ ಒಂದು ಬೆಣಚುಕಲ್ಲು, ಒಂದು ಹೊಳೆಯ ಗುಂಡುಕಲ್ಲು ತೆಗೆದಳು. ರೈಗಳ ಹಾಗೆಯೇ ಕೂತು, ಕಲ್ಲನ್ನು ತೊಡೆಗೆ ಒತ್ತಿ ಹಿಡಿದು, ಅಂಚಿಗೆ ಓರೆಯಾಗಿ ಒಂದು ಪೆಟ್ಟು. ಠಕ್! ಇಂದು ಬೇಲಿ ದಾಟಿ ಬಂದ ಆ ವಾಸನೆ ಮೊದಲು ನನ್ನ ಮೂಗಿಗೆ ಹತ್ತಿದ್ದು ಆಗ. ಕೊಬ್ಬರಿ ಹೋಳಿನಂತೆ ತೆಳ್ಳಗೆ ಒಂದು ಚೂರು ಎದ್ದು ಬಂತು. ಇನ್ನೊಂದು, ಮತ್ತೊಂದು. ಆಮೇಲೆ ಎದ್ದು ನಿಂತು ಕೆಳಗೆ ತೋರಿಸಿದಳು. ಸುತ್ತಲೂ ಚೂರು, ನಡುವೆ ಅವಳ ಕಾಲಿನ ಆಕಾರ ಖಾಲಿ.

ನಾನು ಗುಡಿಸಿದ್ದು ಅದನ್ನು. ಎಷ್ಟೋ ಸಾವಿರ ವರ್ಷ ಹಿಂದೆ ಅಲ್ಲಿ ಕೂತಿದ್ದವರ ಕಾಲನ್ನು ನಾನು ಒಂದೂಮುಕ್ಕಾಲು ಗಂಟೆಯಲ್ಲಿ ಗುಡಿಸಿ ಹೊರಗೆ ಹಾಕಿದ್ದೆ.

“ಕಲ್ಲು ಮನುಷ್ಯರು ಮಾಡಿದ್ದೇ. ಅಷ್ಟು ಬರೀಬಹುದು,” ಎಂದಳು ಸಫಿಯಾ. “ಆದ್ರೆ ಇಲ್ಲೇ ಕೂತು ಮಾಡಿದ್ದಾ, ಮಳೆನೀರಲ್ಲಿ ಮೇಲಿಂದ ಬಂದು ಬಿದ್ದದ್ದಾ? ಅದನ್ನು ಹೇಳುದು ಬಿದ್ದಿರುವ ರೀತಿ. ಇಲ್ಲಿ ಬದುಕಿದ್ರು ಅಂತ ಈಗ ಬರೀಲಿಕ್ಕೆ ಆಗುದಿಲ್ಲ. ಮಣ್ಣಿನ ಅಡಿಯಲ್ಲಿ ಇನ್ನೂ ಇರಬಹುದು. ಅಗೆಯಲಿಕ್ಕೆ ಪರ್ಮಿಷನ್ ಬೇಕು, ವರ್ಷ ಹಿಡಿತದೆ.”

ನನ್ನ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು, ಕಲ್ಲುಗಳನ್ನು ನನ್ನ ಕೈಗೆ ಕೊಟ್ಟಳು. ನಾನು ಬಲವಾಗಿ ಹೊಡೆದೆ. ಕಲ್ಲಿಗೆ ಏನೂ ಆಗಲಿಲ್ಲ, ಹೆಬ್ಬೆರಳು ಮಾತ್ರ ಬಾತುಕೊಂಡಿತು. “ಬಲ ಬೇಡ ಟೀಚರ್, ಓರೆ ನೋಡಿ. ಕಲ್ಲಿನ ಒಳಗೆ ಪೆಟ್ಟು ಎಲ್ಲಿಗೆ ಹೋಗ್ತದೆ ಅಂತ ಮೊದಲೇ ಗೊತ್ತಿರಬೇಕು.” ಹೊಸ ಚೂರಿನಿಂದ ನನ್ನ ಬುತ್ತಿಯ ಮುಳ್ಳುಸೌತೆಯ ಸಿಪ್ಪೆ ತೆಗೆದಳು. ಕಾಗದದಷ್ಟು ತೆಳು. ನನ್ನ ಅಡುಗೆಮನೆಯ ಯಾವ ಚೂರಿಗೂ ಆ ಯೋಗ್ಯತೆಯಿಲ್ಲ. ಎರಡು ಅಂಕದ ಜನರ ಮುಂದೆ ನಾನು ಸೊನ್ನೆ ತೆಗೆದುಕೊಂಡು ಕೂತಿದ್ದೆ.

ಜಗನ್ನಾಥ ವರ್ಷಗಟ್ಟಲೆ ಕಾಯಲು ಒಪ್ಪಲಿಲ್ಲ. ರೈಗಳು ರಸ್ತೆ ಬದಿಯ ತಮ್ಮ ಜಾಗವನ್ನೇ ಅವನಿಗೆ ಬಿಟ್ಟುಕೊಟ್ಟು ಗುಡ್ಡವನ್ನು ಉಳಿಸಿಕೊಂಡರು. ಆ ರಸ್ತೆ ಬದಿಯಲ್ಲೊಂದು ಸಣ್ಣ ಪುಸ್ತಕದಂಗಡಿ ಇಡುವುದು ಅವರ ಬಹುದಿನದ ಆಸೆಯಾಗಿತ್ತು. ನನಗೆ ಒಂದು ಕಟುಮಾತೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಿತ್ತು. ಆಮೇಲೆಯೂ ಫೋನು ಮಾಡುತ್ತಿದ್ದರು, ಮಳೆ, ಮೆಣಸು, ಮೊಮ್ಮಕ್ಕಳು. ಗುಹೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

ಮೊನ್ನೆ ಎತ್ತಿದರು. “ಟೀಚರೇ, ಪರ್ಮಿಷನ್ ಸಿಕ್ಕಿತು. ಅಗೆಯಲಿಕ್ಕೆ ಶುರು ಮಾಡಿದ್ದಾರೆ. ನೀವೂ ಬರಬೇಕು.” ಇಂದು ನಾನು ಹೊರಟದ್ದು ಅಲ್ಲಿಗೇ. ಬಸ್ಸು ತಪ್ಪಿತು. ಮುಂದಿನದರಲ್ಲಿ ಹೋದೆ.

ಸಫಿಯಾ ಗುಹೆಯ ಬಾಯಿಗೆ ಹಗ್ಗ ಕಟ್ಟಿದ್ದಳು. “ಟೀಚರ್, ನೀವು ಈ ಹಗ್ಗದಿಂದ ಆಚೆ.”

“ಆಯ್ತು ಟೀಚರ್,” ಎಂದೆ.

ಗೇರುಮರದಡಿ ರೈಗಳ ಪಕ್ಕ ಕೈಗಳನ್ನು ಮಡಿಲಲ್ಲಿಟ್ಟು ಕೂತೆ. ಒಳಗೆ ಬ್ರಶ್ಶಿನಿಂದ ಚಮಚದಷ್ಟು ಚಮಚದಷ್ಟು ಮಣ್ಣು ತೆಗೆಯುತ್ತಿದ್ದರು. ಒಂದೊಂದು ಚೂರನ್ನೂ ಇದ್ದಲ್ಲೇ ಬಿಟ್ಟು, ಅಳೆದು, ಬರೆದು, ಆಮೇಲೆ ಮುಂದಿನದು. ಇಷ್ಟು ಕ್ರಮವಾದ ಕೆಲಸ ನಾನು ಹಾಸ್ಟೆಲಿನಲ್ಲೂ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಫಿಯಾ ನಮ್ಮಿಬ್ಬರನ್ನೂ ಹಗ್ಗದ ಬಳಿ ಕರೆದಳು. ಎರಡು ಗೇಣು ಆಳದಲ್ಲಿ ತಟ್ಟೆಯಷ್ಟು ಜಾಗದ ಮಣ್ಣು ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಬೂದಿ, ಇದ್ದಿಲು, ಕಪ್ಪಾದ ಒಂದು ಎಲುಬಿನ ತುಂಡು.

“ನೀರಲ್ಲಿ ಬಂದ ಬೂದಿ ಹೀಗೆ ಒಂದೇ ಕಡೆ ಕೂರುದಿಲ್ಲ. ಅಡಿಯ ಮಣ್ಣೂ ಬೆಂದಿದೆ ನೋಡಿ. ಇಲ್ಲೇ ಉರಿಸಿದ್ದು, ಇಲ್ಲೇ ಕೂತು ತಿಂದದ್ದು,” ಎಂದಳು. “ರೈಗಳೇ, ಇದನ್ನು ನಾನು ಬರೀತೇನೆ.”

ರೈಗಳು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಎಂತ ಜನ ನೋಡಿ ಟೀಚರೇ. ಒಲೆಯ ಬೂದಿ ಬಾಚದೆ ಎದ್ದು ಹೋಗಿದ್ದಾರೆ.”

“ಬಹಳ ಒಳ್ಳೆಯ ಕೆಲಸ ಮಾಡಿದ್ದಾರೆ,” ಎಂದೆ.

ರೈಗಳು ಹೊಟ್ಟೆ ಹಿಡಿದು ನಕ್ಕರು. ಸಫಿಯಾ ಊಟಕ್ಕೆ ಕರೆದಳು. ನನ್ನ ಊಟದ ಹೊತ್ತು ಮೀರಿ ಒಂದು ಗಂಟೆಯಾಗಿತ್ತು. ನೀವಿಬ್ಬರೂ ಉಣ್ಣಿ ಎಂದು ಅವರನ್ನು ಕಳಿಸಿ, ಹಗ್ಗದ ಹೊರಗೇ ನಿಂತು, ಯಾರೋ ಬಾಚದೆ ಬಿಟ್ಟ ಆ ಬೂದಿಯನ್ನು ನೋಡುತ್ತ ಉಳಿದೆ.