ನಮ್ಮ ಅಂಗಳಕ್ಕೆ ಬಂದ ಎದುರುಮನೆ

ಕಳೆದ ಭಾನುವಾರ, ಸಂಜೆ ಏಳು ಗಂಟೆ. ಪಾಂಡವಪುರದ ನಮ್ಮ ಅಂಗಳದಲ್ಲಿ ನಾನು, ನನ್ನ ಹೆಂಡತಿ ಹಾಜರು. ಮರುದಿನ ನಿವೃತ್ತರ ಸಂಘದಲ್ಲಿ ಗೆಲಾಕ್ಸಿಗಳ ದೂರ ಅಳೆಯುವ ಬಗೆಯ ಕುರಿತು ನನ್ನ ಉಪನ್ಯಾಸ. ಸಾಯುವ ನಕ್ಷತ್ರ ಹೊರಚೆಲ್ಲಿದ ಅನಿಲ ಹೊಳೆಯುತ್ತದೆ. ಅಂಥ ಅನಿಲಮೋಡಗಳಲ್ಲಿ ಅತಿ ಪ್ರಖರವಾದದ್ದರ ನಿಜವಾದ ಬೆಳಕು ಎಲ್ಲ ಗೆಲಾಕ್ಸಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಮಂಕಾಗಿ ಕಂಡಷ್ಟೂ ಗೆಲಾಕ್ಸಿ ದೂರ.

ಇದರ ತಾಲೀಮಿಗೆಂದು ಬೀದಿಯ ಮನೆಗಳಿಗೆಲ್ಲ ಒಂದೇ ಬಗೆಯ ಬಲ್ಬು ಹಾಕಲು ಹೇಳಿದ್ದೆ. ಮೊಬೈಲಿನಲ್ಲಿ ಬೆಳಕು ಅಳೆದು ಲೆಕ್ಕ ಹಾಕಿದರೆ, ಎದುರುಮನೆ ನಮ್ಮ ತುಳಸಿಕಟ್ಟೆಯ ಮೇಲೆ ನಿಂತಿತ್ತು! ಉಪನ್ಯಾಸ ಕೆಟ್ಟಿತೆಂದು ಆ ಮನೆಯ ಯಜಮಾನರನ್ನು ಕೂಗಿ ಲೆಕ್ಕ ತೋರಿಸಿದೆ.

"ದೊಡ್ ಬಲ್ಬು ಆಕಿವ್ನಿ ಮೇಷ್ಟ್ರೇ. ಎಲ್ರಂಗೇ ಆಕುದ್ರೆ ನಮ್ಮನೆಗೇನ್ ಮರ್ವಾದೆ? ಅಂಗಾರೆ ತುಳಸಿಕಟ್ಟೆ ನಂದೇ ಬುಡಿ!"

"ದಿನಾ ನೀರೂ ನೀವೇ ಉಯ್ರಣ್ಣ," ಎಂದಳು ಹೆಂಡತಿ.

ಅವರು ಓಡಿಹೋಗಿ ಬಲ್ಬು ಬದಲಿಸಿದರು. ಮತ್ತೆ ಅಳೆದೆ. ಮನೆ ರಸ್ತೆಯಾಚೆಗೆ ಮರಳಿತ್ತು. ಗೇಟಿನ ಚಿಲಕ ಹಾಕಿದೆ.