ಲೇಡೀಸ್ ರೇಸಿನ ಹೂಗುಚ್ಛ

ಜಪಾನಿನ ಹಮಾಮತ್ಸುವಿನ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇದೆ. ಎಂಜಿನ್ ಬಿಚ್ಚಿ ಜೋಡಿಸಿದವರೇ ಗಾಡಿಯನ್ನು ಮೊದಲು ಓಡಿಸಬೇಕು. ಪ್ರದರ್ಶನಕ್ಕೆಂದು ಅಮೆರಿಕದಿಂದ ತರಿಸಿದ ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಜೋಡಿಸಿದವಳು ನಾನು. ಆ ಚಳಿಗಾಲವಿಡೀ ಉಗುರಿನ ಸಂದಿಯ ಗ್ರೀಸ್ ಹೋಗದೆ ಅದೇ ಕೈಯಲ್ಲಿ ಚಪಾತಿ ಲಟ್ಟಿಸಿದ್ದೇನೆ.

ಕಾರಿನ ಪಕ್ಕ ಇಡುವ ಫಲಕದ ಬರಹವೂ ನನ್ನ ಪಾಲಿಗೇ ಬಂತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹವ್ಯಾಸಿಗಳು ಯುರೋಪಿನ ಪುಟ್ಟ ಕಾರುಗಳನ್ನು ತಂದು, ಊರ ರಸ್ತೆಗಳಲ್ಲಿ, ವಾಯುನೆಲೆಗಳ ರನ್‌ವೇಗಳಲ್ಲಿ ಹುಲ್ಲಿನ ಪೆಂಡಿ ಅಡ್ಡವಿಟ್ಟು ಓಡಿಸಿದ ಕಥೆ ಬರೆದೆ. ಅದಕ್ಕಾಗಿ ಆ ಕಾಲದ ವರದಿಗಳನ್ನು ಓದುತ್ತಾ ಹೋದಂತೆ ಮೈ ಉರಿಯಿತು. ಹೆಂಗಸರಿಗೆ ಬೇರೆಯೇ ಒಂದು 'ಲೇಡೀಸ್ ರೇಸ್'. ದೊಡ್ಡ ರೇಸುಗಳ ನಡುವಿನ ಬಿಡುವಿನಲ್ಲಿ ಕೆಲವೇ ಸುತ್ತು. ಅದನ್ನೂ ಬರೆದೆ. ನಮ್ಮ ವಿಭಾಗದ ಮುಖ್ಯಸ್ಥರು ಓದಿ, "ಆ ಕಾಲದ ಅಮೆರಿಕ ಎಷ್ಟು ಹಿಂದುಳಿದಿತ್ತು" ಎಂದು ಮರುಗಿದರು.

ಪ್ರದರ್ಶನದ ದಿನ ನಮ್ಮ ಮನೆಯವರನ್ನೂ ಕರೆದಿದ್ದರು. ಟೆಸ್ಟ್ ಟ್ರ್ಯಾಕಿನಲ್ಲಿ ಒಂದು ಸುತ್ತು ಓಡಿಸಿ ತೋರಿಸುವುದೆಂದು ನಿಗದಿಯಾಗಿತ್ತು. ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ನಿಂತಿದ್ದೆ. ಮುಖ್ಯಸ್ಥರು ಬಂದು, ಬಾಗಿ, ನನಗೊಂದು ಹೂಗುಚ್ಛ ಕೊಟ್ಟರು. ಹೂವು ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಹೇಳಿದರು: "ಗಾಡಿಯನ್ನು ನಾನು ಓಡಿಸುತ್ತೇನೆ. ಇಳಿದಾಗ ನೀವು ಇದನ್ನು ನನಗೆ ಕೊಡಿ. ಹೆಂಗಸರು ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ."

ನಾನು ಕಣ್ಣಿಗೊತ್ತಿಕೊಂಡದ್ದನ್ನು ಒಪ್ಪಿಗೆ ಎಂದೇ ತಿಳಿದಿದ್ದರು. ಫಲಕ ಓದಿ ಮರುಗಿದ ಮನುಷ್ಯ ಇವರೇ ತಾನೆ?

ಬೇಲಿಯಾಚೆಯಿಂದ ಮಗಳು ಕೇಳಿದಳು: "ಅಮ್ಮಾ, ನೀನ್ ಡ್ರೈವ್ ಮಾಡಲ್ವಾ? ಯೂ ಫಿಕ್ಸ್ಡ್ ಇಟ್, ಅಲ್ವಾ?"

ಈ ದೇಶದಲ್ಲಿ ಬಾಗಿ ಎರಡೂ ಕೈಯಲ್ಲಿ ಕೊಟ್ಟದ್ದನ್ನು ಎರಡೂ ಕೈಯಲ್ಲೇ ತೆಗೆದುಕೊಳ್ಳಬೇಕು, ಬೇಡವೆನ್ನುವಂತಿಲ್ಲ. ನಾನು ಸೊಂಟ ಬಗ್ಗಿಸಿ, "ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ಹಿಡಿದುಕೊಳ್ಳಿ" ಎಂದು ಹೂಗುಚ್ಛವನ್ನು ಅವರಿಗೇ ಚಾಚಿದೆ. ಅಭ್ಯಾಸಬಲ, ಅವರ ಎರಡೂ ಕೈಗಳು ತಾವಾಗಿ ಮುಂದೆ ಬಂದವು. ಅವರು ಬಾಗಿ ನೆಟ್ಟಗಾಗುವಷ್ಟರಲ್ಲಿ ನಾನು ಸ್ಟೀರಿಂಗ್ ಮುಂದೆ ಕುಳಿತಿದ್ದೆ.

ಒಂದು ಸುತ್ತು ಮುಗಿದಾಗಲೂ ಅವರು ಹೂಗುಚ್ಛ ಹಿಡಿದೇ ನಿಂತಿದ್ದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹೆಂಗಸರಿಗೆ ಕೊಟ್ಟಿದ್ದ ಆ ಕೆಲವೇ ಸುತ್ತುಗಳು ನೆನಪಾದವು. ಅವರೆದುರೇ ಗೇರ್ ಬದಲಿಸಿ ಇನ್ನೊಂದು ಸುತ್ತಿಗೆ ಹೊರಟೆ.