ಬಾವಿಕೋಣೆಯ ದೀಪ ಪರೀಕ್ಷೆ

ನಾಲತವಾಡದ ನಮ್ಮ ಮನೆಯಲ್ಲಿ ಬಾವಿಗೆ ಪ್ರತ್ಯೇಕ ಕೋಣೆ ಇದೆ. ಈ ಗೌರವ ಮನೆಯ ಮನುಷ್ಯರಿಗೆ ಸಿಕ್ಕದ್ದಲ್ಲ. ಮೊದಲು ಅದು ಹಿತ್ತಲಲ್ಲಿ ಆಕಾಶ ನೋಡಿಕೊಂಡು ಬಿದ್ದಿದ್ದ ಬಾವಿ. ಪಾರಿವಾಳಗಳು ದಂಡೆಯ ಮೇಲೆ ಸಭೆ ಸೇರಿ, ತಮ್ಮ ತೀರ್ಮಾನಗಳನ್ನು ನೇರವಾಗಿ ನೀರಿಗೇ ಬಿಡುತ್ತಿದ್ದವು. ಅದನ್ನು ಸಹಿಸದ ನಮ್ಮ ಅಣ್ಣ ಸುತ್ತ ಗೋಡೆ ಕಟ್ಟಿಸಿ, ಮೇಲೆ ಸ್ಲ್ಯಾಬ್ ಹಾಕಿಸಿ, ಒಂದು ಬಾಗಿಲಿಟ್ಟ. ಕಿಟಕಿ ಇಡಲಿಲ್ಲ. ಕಿಟಕಿ ಇಟ್ಟರೆ ಪಾರಿವಾಳಕ್ಕೆ ಆಮಂತ್ರಣ ಕೊಟ್ಟ ಹಾಗೆ ಎಂಬುದು ಅವನ ವಾದ.

ಆ ಕೋಣೆ ಬೇಸಿಗೆಯಲ್ಲಿ ತಣ್ಣಗಿರುತ್ತದೆ ಎಂಬ ಸಂಗತಿ ಬೇಗನೆ ಬಯಲಾಯಿತು. ಬೀಜ, ಗೊಬ್ಬರದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅಣ್ಣ ಬಾವಿಯ ಪಕ್ಕದಲ್ಲೇ ಹೊರಸು, ಎಂದರೆ ಹಗ್ಗದ ಮಂಚ, ಹಾಕಿದ. ಹೊರಗೆ ಊರಿಗೆ ಊರೇ ಕಾದ ಹಂಚಾಗಿರುವಾಗ ಒಳಗೆ ಅವನು ಹೊದ್ದುಕೊಂಡು ಮಲಗುತ್ತಿದ್ದ. ಬಂದವರಿಗೂ ಅಲ್ಲೇ ದರ್ಶನ. ಮನೆಯ ಇನ್ನರ್ಧದಲ್ಲಿರುವ ನಾನು, ಒಡಹುಟ್ಟಿದ ತಮ್ಮ, ದಿನಾ ಹೊರಸಿನ ಕಾಲಕಡೆ ಕೂತು ಚಹಾ ಕುಡಿದು ಬರುತ್ತಿದ್ದೆ.

ಕಳೆದ ದೀಪಾವಳಿಯ ಹೊತ್ತಿಗೆ ಅವನಿಗೊಂದು ಕೆಮ್ಮು ಹತ್ತಿತು. ವಿಜಯಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಬಲಗಡೆಯ ಶ್ವಾಸಕೋಶದಲ್ಲಿ ಸಣ್ಣದೊಂದು ಕಲೆ ತೋರಿಸಿದರು. ಅದು ಏನೆಂದು ಈಗಲೇ ಹೇಳಲಾಗದು, ಬೇಸಿಗೆ ಮುಗಿಯುವಾಗ ಮತ್ತೊಮ್ಮೆ ನೋಡೋಣ, ಬೀಡಿ ಇವತ್ತೇ ನಿಲ್ಲಬೇಕು ಎಂದರು. ಬೀಡಿ ನಿಂತಿತು. ಕೆಮ್ಮು ನಿಲ್ಲಲಿಲ್ಲ. ಮನೆಯಲ್ಲಿ ಎಲ್ಲರೂ ಕೆಮ್ಮಿನ ಬಗ್ಗೆ ಮಾತಾಡುತ್ತಿದ್ದರು, ಕಲೆಯ ಬಗ್ಗೆ ಯಾರೂ ಆಡುತ್ತಿರಲಿಲ್ಲ.

ಅಣ್ಣನ ಮಗಳು ಸಿಂದಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮನೆ ಬಾವಿಗಳ ನೀರು ಮತ್ತು ಮನೆಯೊಳಗಿನ ಗಾಳಿಯ ಮೇಲೆ ಅವಳದೊಂದು ಸಂಶೋಧನೆ ನಡೆದಿತ್ತು. ಚಳಿಗಾಲದಲ್ಲಿ ಬಂದವಳು ಪಡಸಾಲೆಗೊಂದು, ಬಾವಿಕೋಣೆಗೊಂದು ಪ್ಲಾಸ್ಟಿಕ್ ಡಬ್ಬಿ ತೂಗುಹಾಕಿ ಹೋದಳು. ಒಳಗೊಂದು ಫಿಲ್ಮಿನ ತುಂಡು, ಗಾಳಿಯಲ್ಲಿ ಏನಿದೆಯೆಂದು ಗುರುತು ಹಿಡಿಯಲು. ಅಣ್ಣನ ಹೆಂಡತಿ, ಎಂದರೆ ನಮ್ಮ ವೈನಿ, ಮಗಳು ಕಟ್ಟಿದ್ದೆಂದು ಶುಕ್ರವಾರಕ್ಕೊಮ್ಮೆ ಅವಕ್ಕೂ ಊದಿನಕಡ್ಡಿ ಬೆಳಗುತ್ತಿದ್ದರು.

ಬೇಸಿಗೆ ಶುರುವಾದಾಗ ಮಗಳು ಫಿಲ್ಮಿನ ಫಲಿತಾಂಶ ಹೊತ್ತು ಬಂದಳು.

"ಅಪ್ಪಾ, ಬಾವಿಕೋಣ್ಯಾಗ ರೇಡಾನ್ ಭಾಳ ಐತಿ. ಪಡಸಾಲ್ಯಾಗ ಅಷ್ಟಿಲ್ಲ."

"ಯಾವೂರದು ಅದು?"

"ಕಲ್ಲಿನಾಗ ಹುಟ್ಟೂ ಗಾಳಿ. ಬಣ್ಣಿಲ್ಲ, ವಾಸನಿಲ್ಲ. ಬಾವಿ ನೀರಿನಾಗ ಕರಗಿ ಬರತೈತಿ, ನೀರು ಅಲಗಾಡಿದ್ರ ಹೊರಗ ಬೀಳತೈತಿ. ಮುಚ್ಚಿದ ಕೋಣ್ಯಾಗ ಅಲ್ಲೇ ನಿಂದರತೈತಿ. ಅದನ್ನ ವರ್ಷಾನಗಟ್ಲೆ ಎಳಕೊಂಡ್ರ ಪುಪ್ಪುಸಕ್ಕ ಕ್ಯಾನ್ಸರ್ ಆಗಬಹುದು. ಬೀಡಿ ಸೇದಿದವರಿಗಂತೂ ಇನ್ನೂ ಹೆಚ್ಚು. ನಿನ್ನ ಕಲೆ ಇದರಿಂದನ ಬಂತು ಅಂತ ನಾ ಹೇಳಾಕತ್ತಿಲ್ಲ. ಹೊರಸು ಅಲ್ಲಿಂದ ತಗಿ ಅಂತ ಹೇಳಾಕತ್ತೇನಿ."

ಕ್ಯಾನ್ಸರ್ ಎಂಬ ಶಬ್ದ ನಮ್ಮ ಮನೆಯಲ್ಲಿ ಮೊದಲ ಸಲ ಬಾಯಿಂದ ಹೊರಬಿದ್ದಿತ್ತು. ವೈನಿ ಹಾಲು ಉಕ್ಕೀತೆಂದು ಅಡಿಗೆಮನೆಗೆ ಹೋದರು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅಣ್ಣ ಮಾತ್ರ ಕದಲಲಿಲ್ಲ. "ನಾ ಹಗೇವಿಗೆ ಇಳದಾಂವ. ಕೆಟ್ಟ ಗಾಳಿ ನನಗ ತೋರಸ್ತಿಯೇನವ್ವಾ?"

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಒಳಗೆ ಕೆಟ್ಟ ಗಾಳಿ ನಿಂತಿರುವುದರಿಂದ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪ ಇಳಿಯಬೇಕು. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಕಾಯಬೇಕು. ಅಣ್ಣ ಹರೆಯದಲ್ಲಿ ಅವಸರಪಟ್ಟು ಕಾಲು ಇಳಿಬಿಟ್ಟಿದ್ದಾಗ, ದೀಪ ಆರಿದ್ದು ಕಂಡು ಅಪ್ಪ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದಿದ್ದರು. ಅದೇ ಸುಗ್ಗಿಯಲ್ಲಿ ದೀಪವಿಲ್ಲದೆ ಇಳಿದ ನೆರೆಮನೆಯವನು ಜೀವಸಹಿತ ಮೇಲೆ ಬರಲಿಲ್ಲ. ಆದ್ದರಿಂದ ಅಣ್ಣನ ನಂಬಿಕೆಯನ್ನು ನಕ್ಕು ತೆಗೆದುಹಾಕುವುದು ನನ್ನಿಂದಾಗಲಿಲ್ಲ.

ಅಂಗಡಿಯ ಹಳೆಯ ತಕ್ಕಡಿಯ ಹಿತ್ತಾಳೆ ತಟ್ಟೆ ಬಂತು. ಅದರಲ್ಲಿ ಪಣತಿ ಹಚ್ಚಿಟ್ಟು, ಸರಪಳಿಗೆ ಹಗ್ಗ ಕಟ್ಟಿ, ಅಣ್ಣ ನ್ಯಾಯಾಧೀಶನ ಗಾಂಭೀರ್ಯದಿಂದ ಬಾವಿಗೆ ಇಳಿಸಿದ. ಮೇಲೆಳೆದು ಹೊರಸಿನ ಪಕ್ಕಕ್ಕೂ ಇಳಿಬಿಟ್ಟ. ದೀಪ ಎರಡೂ ಕಡೆ ಪಾಸಾಯಿತು.

"ನೋಡವ್ವಾ. ಹೆಂಗ ಉರಿಯಾಕತ್ತೈತಿ."

"ದೀಪಕ್ಕ ಪುಪ್ಪುಸ ಇಲ್ಲಪಾ. ಇದು ಆ ಗಾಳಿ ಅಲ್ಲ. ಇದಕ್ಕ ದೀಪ ಆರೂದಿಲ್ಲ."

"ದೀಪ ಇಲ್ಲದಿದ್ರ ಅವತ್ತ ನಿಮ್ಮಪ್ಪನೂ ಇರತಿದ್ದಿಲ್ಲ, ಇವತ್ತ ಬುದ್ಧಿ ಹೇಳಾಕ ನೀನೂ ಇರತಿದ್ದಿಲ್ಲ."

ನಾನು ದೀಪವನ್ನೇ ನೋಡುತ್ತಿದ್ದೆ. ಚಿತ್ರದಲ್ಲಿ ಬರೆದಂತೆ ನೆಟ್ಟಗೆ ನಿಂತಿತ್ತು, ಒಂದಿಷ್ಟೂ ಅಲುಗುತ್ತಿರಲಿಲ್ಲ. ಈ ಕೋಣೆಯಲ್ಲಿ ಗಾಳಿ ಸುಳಿಯುವುದೇ ಇಲ್ಲವೆಂಬುದು ನನಗೆ ಆಗಲೇ ಹೊಳೆದದ್ದು. ಅವತ್ತಿನಿಂದ ಚಹಾವನ್ನು ಹೊಸ್ತಿಲಾಚೆ ನಿಂತೇ ಕುಡಿಯತೊಡಗಿದೆ.

ನೀರಿನ ವಿಚಾರದಲ್ಲಿ ವೈನಿಯ ಜೊತೆ ಬೇರೆ ಸಂಧಾನ ನಡೆಯಿತು. ನೀರನ್ನು ಮಾಳಿಗೆಯ ತೆರೆದ ತೊಟ್ಟಿಗೆ ಎತ್ತರದಿಂದ ಸುರಿಸಿ, ಕೆಲವು ದಿನ ಬಿಟ್ಟು ಬಳಸಿರಿ ಎಂದಳು ಮಗಳು. ನಿನ್ನೆಯ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ತುಂಬುವುದೇ ಸಂಸಾರವಂತಿಕೆ ಎಂದು ನಂಬಿದ ಹೆಂಗಸಿಗೆ ಹೇಳುವ ಮಾತೇ ಇದು?

"ನಮ್ಮ ತವರು ಸಾಲೋಟಗ್ಯಾಗ ಕರಿ ಕಲ್ಲಿನ ಬಾವಿ," ಎಂದರು ವೈನಿ. "ಈ ಊರಿನ ಕೆಂಪ ಕಲ್ಲು ನೋಡಿದಾಗ್ಲೇ ನನಗ ಸಂಶೆ ಬಂದಿತ್ತು. ನಮ್ಮಪ್ಪ ಕೇಳಲಿಲ್ಲ, ಕೊಟ್ಟುಬಿಟ್ಟ. ದೇವರಿಗೂ ಹಳಸಿದ ನೀರ ಹಾಕ್ಲೇನು?"

ದೇವರಿಗೆ ಶ್ವಾಸಕೋಶದ ಚಿಂತೆ ಇಲ್ಲದ್ದರಿಂದ ಆತನಿಗೆ ತಾಜಾ ನೀರು, ನರಮನುಷ್ಯರಿಗೆ ಹಳೆಯದು ಎಂದು ಇತ್ಯರ್ಥವಾಯಿತು.

ಹೊರಸು ಮಾತ್ರ ಅಲ್ಲೇ ಇತ್ತು. ಕೊನೆಗೆ ವೈನಿಯೇ ಯಾರನ್ನೂ ಕೇಳದೆ ಬಸವನ ಬಾಗೇವಾಡಿಯಿಂದ ಕಾಂಕ್ರೀಟು ಕೊರೆಯುವವರನ್ನು ಕರೆಸಿದರು. ಸ್ಲ್ಯಾಬಿನಲ್ಲಿ ಅಗಲವಾದ ಬೆಳಕಿಂಡಿ ಬಿತ್ತು. ಎದುರಿನ ಗೋಡೆಯಲ್ಲಿ ನೆಲದ ಮಟ್ಟಕ್ಕೆ ಇನ್ನೊಂದು ಕಿಂಡಿ. ಎರಡಕ್ಕೂ ಪಾರಿವಾಳ ತಡೆಯುವ ಜಾಳಿಗೆ. ಇದರಿಂದ ಕಡಿಮೆಯಾಗುತ್ತದೆ, ಆದರೂ ಅಲ್ಲಿ ಮಲಗಬಾರದು ಎಂದು ಮಗಳು ಫೋನಿನಲ್ಲಿ ಹೇಳಿದಳು. ಅಣ್ಣ ಅದರಲ್ಲಿ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡ.

"ಇನ್ನ ಯಾರದೂ ತಕರಾರ ಇಲ್ಲಲ್ಲ? ತಕ್ಕಡಿ ತಟ್ಟಿ ತರ್ರಿ. ಎಲ್ಲಾರ ಮುಂದ ನೋಡೂಣು."

ಮಧ್ಯಾಹ್ನ. ಪಣತಿ ಹಚ್ಚಿದೆವು. ಅಣ್ಣ ತಟ್ಟೆಯನ್ನು ಹೊರಸಿನ ಪಕ್ಕದಲ್ಲಿ ಇಳಿಬಿಟ್ಟ. ಕೆಳಗಿನ ಕಿಂಡಿಯಿಂದ ಬೇಸಿಗೆಯ ಬಿಸಿಗಾಳಿ ನುಗ್ಗಿ ಬೆಳಕಿಂಡಿಯತ್ತ ಎದ್ದಿತು. ಸರಪಳಿ ಗಲಗಲ ಅಂದಿತು. ದೀಪ ಒಮ್ಮೆ ಬಾಗಿತು, ಎದ್ದಿತು, ಆರಿಹೋಯಿತು.

ಆರಿಸಿದ್ದು ಯಾವ ಗಾಳಿ ಎಂದು ಮೂವರಿಗೂ ಗೊತ್ತಿತ್ತು. ಮತ್ತೆ ಹಚ್ಚಲು ಕಡ್ಡಿಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ವೈನಿ ನನ್ನನ್ನು ಒಮ್ಮೆ ನೋಡಿದರು. ಕಡ್ಡಿಪೆಟ್ಟಿಗೆ ಜೇಬು ಸೇರಿತು.

ಅಣ್ಣ ತಟ್ಟೆಯನ್ನು ಮೇಲೆಳೆದು ಬತ್ತಿಯ ಹೊಗೆ ನೋಡಿದ.

"ತಮ್ಮಾ, ಅಪ್ಪ ಏನಂತಿದ್ದಾ?"

"ದೀಪ ಆರಿದ್ರ ಇಳೀಬ್ಯಾಡ ಅಂತಿದ್ದ."

"ಮತ್ತ ನಿಂತ ಏನ ನೋಡ್ತಿ? ಹಿಡಿ ಆ ಕಡೆ."

ಇಬ್ಬರೂ ಸೇರಿ ಹೊರಸನ್ನು ಪಡಸಾಲೆಗೆ ತಂದೆವು. ಅಷ್ಟಕ್ಕೇ ಅವನಿಗೆ ಕೆಮ್ಮು ಬಂತು. ಗೋಡೆ ಹಿಡಿದು ನಿಂತು ಕೆಮ್ಮಿ ಮುಗಿಸಿದ. ಸ್ಕ್ಯಾನಿಗೆ ಹೋಗುವ ದಿನ ಮುಂದಿನ ವಾರಕ್ಕೆ ಬಂದಿತ್ತು. ವೈನಿ ಹಾಸಿಗೆ ಹಾಸುವವರೆಗೆ ತಟ್ಟೆ ಅವನ ಕಂಕುಳಲ್ಲೇ ಇತ್ತು. ಕೂತ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯನ್ನು ಬಲಗಡೆಯ ಎದೆಯ ಮೇಲಿಟ್ಟ.

"ಇದನ್ನ ಇಲ್ಲೊಂದೀಟು ಒಳಗ ಇಳಿಸಿ ನೋಡಾಕ ಬರತಿದ್ರ ಛಲೋ ಇತ್ತ ನೋಡು," ಎಂದ.